ಗೆಜ್ಜೆಯ ಊರು ಹುಪರಿ

ಕೂಸು ಮೊದಲ ಹೆಜ್ಜೆ ಇಡುವ ಹೊತ್ತಿಗೆ ಅದರ ಕಾಲಲ್ಲಿ ಗೆಜ್ಜೆ ಇರಬೇಕು ಎನ್ನುವುದು ನಮ್ಮ ಕಡೆಯ ಅಜ್ಜಿಯರ ಆಸೆ. ಚೆಂದ ಕಾಣಲಿ ಎಂಬುದೊಂದು ಕಾರಣ. ಕೂಸು ಎತ್ತ ಹೊರಟಿತು ಎಂಬುದು ಒಲೆಯ ಮುಂದೆ ಕೂತವರಿಗೂ ಗೊತ್ತಾಗಲಿ ಎಂಬುದು ಇನ್ನೊಂದು ಕಾರಣ. ನಡುವಿಗೆ ಉಡದಾರ, ಉಡದಾರಕ್ಕೆ ಎರಡು ಪುಟ್ಟ ಗಂಟೆ, ಹಣೆಯ ಮೇಲೆ ತೂಗುವ ಅರಳೆಲೆ, ಕೊರಳಲ್ಲಿ ತಾಯತ. ಇವೆಲ್ಲ ಎಲ್ಲಿ ತಯಾರಾಗುತ್ತವೆ ಎಂದು ಕೇಳಿದರೆ ಮಕ್ಕಳು ‘ಅಂಗಡಿಯಲ್ಲಿ’ ಎನ್ನುತ್ತಾರೆ. ಅಂಗಡಿಗೆ ಎಲ್ಲಿಂದ ಬರುತ್ತವೆ ಎಂದರೆ ದೊಡ್ಡವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ನಮ್ಮ ಅಂಗಡಿಗೆ ಬರುವುದು ಹುಪರಿಯಿಂದ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲ್ಲೂಕಿನ ಊರು ಇದು. ನಮ್ಮ ನಿಪ್ಪಾಣಿಗೆ ಹತ್ತಿರ. ಸುತ್ತ ಎತ್ತ ನೋಡಿದರೂ ಕಬ್ಬಿನ ಗದ್ದೆ. ಕಬ್ಬಿನ ನಡುವೆ ಕೂತ ಈ ಊರನ್ನು ಮರಾಠಿಯಲ್ಲಿ ಚಂದೇರಿ ನಗರಿ, ಅಂದರೆ ಬೆಳ್ಳಿಯ ಊರು ಎಂದು ಕರೆಯುತ್ತಾರೆ. ಬೆಳ್ಳಿಯ ಗಣಿ ಇಲ್ಲಿಲ್ಲ. ಬೆಳ್ಳಿ ಹೊರಗಿನಿಂದ ಗಟ್ಟಿಯಾಗಿ ಬರುತ್ತದೆ, ಇಲ್ಲಿಯ ಕೈಗಳಲ್ಲಿ ಗೆಜ್ಜೆಯಾಗಿ ದೇಶದ ಊರೂರಿಗೆ ಹೋಗುತ್ತದೆ.

ಧಾರವಾಡದ ಒಂದು ಓಣಿಯಲ್ಲಿ ನಮ್ಮದು ಪುಟ್ಟ ಬೆಳ್ಳಿ ಅಂಗಡಿ. ಮಾವನವರ ಕಾಲದಿಂದ ನಡೆದು ಬಂದದ್ದು, ಈಗ ನಾನು ಮತ್ತು ನನ್ನ ಸೊಸೆ ನೋಡಿಕೊಳ್ಳುತ್ತೇವೆ. ಬಂಗಾರ ಇಡುವುದಿಲ್ಲ. ಕಾಲ್ಗೆಜ್ಜೆ, ಕಾಲುಂಗುರ, ಉಡದಾರ, ಲಿಂಗದ ಕರಡಿಗೆ, ಕುಂಕುಮದ ಭರಣಿ. ಎರಡು ಮೂರು ವರ್ಷಗಳಿಂದ ಕಾಲೇಜಿನ ಹುಡುಗಿಯರು ಬಂದು ‘ಚಾರ್ಮ್ ಅದಾವೇನ್ರಿ?’ ಎಂದು ಕೇಳತೊಡಗಿದ್ದಾರೆ. ಚಾರ್ಮ್ ಎಂದರೆ ಕೈಸರಪಳಿಗೆ ತೂಗುಹಾಕುವ ಪುಟಾಣಿ ಬೆಳ್ಳಿ ಗೊಂಬೆ: ಮೀನು, ಚುಕ್ಕಿ, ಚಂದ್ರ, ಎಲೆ, ಬೀಗದ ಕೈ. ಒಂದು ಸರಪಳಿ ಕೊಂಡರೆ ಹುಟ್ಟುಹಬ್ಬಕ್ಕೊಂದು, ಪಾಸಾದದ್ದಕ್ಕೊಂದು ಎಂದು ಪೋಣಿಸುತ್ತ ಹೋಗಬಹುದು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಕೂಸಿನ ಉಡದಾರಕ್ಕೆ ಗಂಟೆ, ಮಾವಿನಕಾಯಿ, ಹುಲಿ ಉಗುರಿನ ಆಕಾರದ ಪದಕ ಕಟ್ಟುತ್ತಿದ್ದ ನಮ್ಮ ಮುತ್ತಜ್ಜಿಯರು ಮಾಡಿದ್ದೂ ಇದೇ ಅಲ್ಲವೆ? (ಮಕ್ಕಳೇ, ಆಕಾರ ಮಾತ್ರ ಹುಲಿಯ ಉಗುರಿನದು. ನಿಜವಾದ ಹುಲಿ ಉಗುರನ್ನು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.)

ದೀಪಾವಳಿಗೆ ಮುಂಚೆ ಅಂಗಡಿಗೆ ಮಾಲು ತರಬೇಕಿತ್ತು. ದಸರಾ ರಜೆಯಲ್ಲಿದ್ದ ಮೊಮ್ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಏಳನೆಯ ತರಗತಿ, ಶೇಕಡಾ ಲೆಕ್ಕ ಆಗತಾನೆ ಕಲಿತಿದ್ದಳು. ಆ ಲೆಕ್ಕ ಹುಪರಿಯಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅದಕ್ಕೇ ಕರೆದುಕೊಂಡು ಹೊರಟೆ.

ಧಾರವಾಡದಿಂದ ಕೊಲ್ಹಾಪುರದ ಬಸ್ಸು ಹಿಡಿದರೆ ಹೆದ್ದಾರಿ ಕಿತ್ತೂರು, ಬೆಳಗಾವಿ ದಾಟಿ ಹಿರಣ್ಯಕೇಶಿ ದಂಡೆಯ ಸಂಕೇಶ್ವರಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ತಂಬಾಕಿಗೆ ಹೆಸರಾದ ನಿಪ್ಪಾಣಿ. ಅಂಗಡಿಗಳ ಬೋರ್ಡುಗಳಲ್ಲಿ ಕನ್ನಡ, ಮರಾಠಿ ಎರಡೂ ಅಕ್ಕಪಕ್ಕ ಕಾಣತೊಡಗುತ್ತವೆ. ಕೊಗನೊಳ್ಳಿ ದಾಟಿ, ದೂಧಗಂಗೆಯ ಸೇತುವೆ ದಾಟಿದರೆ ಕಾಗಲ್. ಅಲ್ಲಿ ಇಳಿದು ಒಳದಾರಿಯ ವಾಹನ ಹಿಡಿಯಬೇಕು. ಕಾರ್ಖಾನೆಗಳ ಶೆಡ್ಡುಗಳು ಮುಗಿದು ಕಬ್ಬು ಶುರುವಾಗುತ್ತದೆ, ಕಬ್ಬು ಮುಗಿಯುವಲ್ಲಿ ಹುಪರಿ. ಊರಿಗೆ ಕಾಲಿಟ್ಟರೆ ಥಳಥಳ ಎನ್ನುವ ಬೆಳ್ಳಿ ಎಲ್ಲೂ ಕಾಣುವುದಿಲ್ಲ. ‘ಎಲ್ಲಿ ಅಜ್ಜಿ ಬೆಳ್ಳಿ?’ ಎಂದಳು ಹುಡುಗಿ. ‘ಕಿವಿಗೊಟ್ಟು ಕೇಳು’ ಎಂದೆ. ಮನೆಗಳೊಳಗಿಂದ ಸಣ್ಣ ಸುತ್ತಿಗೆಯ ಟಕ್ ಟಕ್, ಮೋಟಾರಿನ ಗುಂಯ್ ಸದ್ದು ಬರುತ್ತಿತ್ತು. ಇಲ್ಲಿ ಬೆಳ್ಳಿ ಇರುವುದು ಮನೆಯೊಳಗೆ.

ಒಂದು ಗೆಜ್ಜೆ ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ ಎನ್ನುವುದು ಈ ಊರಿನ ವಿಶೇಷ. ಒಂದು ಮನೆಯಲ್ಲಿ ಕರಗಿಸುತ್ತಾರೆ, ಇನ್ನೊಂದರಲ್ಲಿ ತಂತಿ ಎಳೆಯುತ್ತಾರೆ, ಮೂರನೆಯದರಲ್ಲಿ ಕೊಂಡಿ ಜೋಡಿಸುತ್ತಾರೆ, ನಾಲ್ಕನೆಯದರಲ್ಲಿ ಬೆಸೆಯುತ್ತಾರೆ, ಐದನೆಯದರಲ್ಲಿ ಹೊಳಪು ಕೊಡುತ್ತಾರೆ. ಸುತ್ತಿನ ಹಳ್ಳಿಗಳಿಗೂ, ಗಡಿಯ ಈಚೆ ನಿಪ್ಪಾಣಿ ಕಡೆಯ ಕೆಲವು ಹಳ್ಳಿಗಳಿಗೂ ಕೆಲಸ ಹಂಚಿಹೋಗುತ್ತದೆ. ಬೆಳ್ಳಿಯನ್ನು ತೂಗಿ ಕೊಡುತ್ತಾರೆ, ತೂಗಿ ವಾಪಸು ಪಡೆಯುತ್ತಾರೆ. ನೆಲ ಗುಡಿಸಿದ ಕಸವನ್ನೂ ಇಲ್ಲಿ ಎಸೆಯುವುದಿಲ್ಲ. ಅದರಲ್ಲಿ ಬೆಳ್ಳಿಯ ಪುಡಿ ಇರುತ್ತದೆ, ಜೋಪಾನವಾಗಿ ಕೂಡಿಟ್ಟು ಮತ್ತೆ ಬೆಳ್ಳಿ ತೆಗೆಯುತ್ತಾರೆ.

ಗುರುತಿನ ಕುಶಲಕರ್ಮಿಯೊಬ್ಬರ ಮನೆಯಲ್ಲಿ ಮೊದಲು ಮೂಸೆ ನೋಡಿದೆವು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಕೆಂಪಗೆ ಕಾದ ಮೂಸೆಯೊಳಗೆ ಬೆಳ್ಳಿ ಕನ್ನಡಿಯ ಹಾಗೆ ನಿಂತಿತ್ತು. ಅದಕ್ಕೆ ಅವರು ಒಂದಿಷ್ಟು ತಾಮ್ರ ಹಾಕಿದರು. ಮೊಮ್ಮಗಳು ನನ್ನ ಸೆರಗು ಜಗ್ಗಿ, ‘ಅಜ್ಜಿ, ಕಲಬೆರಕೆ!’ ಎಂದು ಪಿಸುಗುಟ್ಟಿದಳು. ಅವರಿಗೆ ಕೇಳಿಸಿತು, ನಕ್ಕರು.

‘ಕಲಬೆರಕಿ ಅಲ್ಲವಾ ಪುಟ್ಟಿ. ಬರೇ ಬೆಳ್ಳಿ ಭಾಳ ಮೆತ್ತಗ. ಅದರಾಗ ಗೆಜ್ಜಿ ಮಾಡಿದ್ರ ನೀ ನಾಕ್ ದಿನ ಕುಣಿಯೂದ್ರಾಗ ಸೊಟ್ಟ ಆಗತೈತಿ. ತಾಮ್ರ ಹಾಕಿದ್ರ ಗಟ್ಟಿ. ಎಷ್ಟ್ ಹಾಕೀವಿ ಅಂತ ಹೇಳಬೇಕು, ಅಷ್ಟ.’

ಈ ‘ಎಷ್ಟು’ ಎಂಬುದಕ್ಕೆ ಬೆಳ್ಳಿಪೇಟೆಯಲ್ಲಿ ಒಂದು ಹೆಸರಿದೆ: ಟಂಚ್. ನೂರು ಭಾಗದಲ್ಲಿ ಎಷ್ಟು ಭಾಗ ಶುದ್ಧ ಬೆಳ್ಳಿ ಇದೆ ಎಂಬ ಸಂಖ್ಯೆ ಅದು. ಜಗತ್ತೆಲ್ಲ ಒಪ್ಪಿದ ಒಳ್ಳೆಯ ಆಭರಣದ ಬೆಳ್ಳಿ ಎಂದರೆ 92.5 ಟಂಚ್: 92.5 ಭಾಗ ಬೆಳ್ಳಿ, ಉಳಿದ 7.5 ಭಾಗ ಹೆಚ್ಚಾಗಿ ತಾಮ್ರ. ಇದನ್ನೇ ಆಭರಣದ ಮೇಲೆ 925 ಎಂದು ಒತ್ತಿರುತ್ತಾರೆ, ಸಾವಿರಕ್ಕೆ 925 ಎಂದು ಅರ್ಥ.

ಕರಗಿದ ಬೆಳ್ಳಿಯನ್ನು ಅಚ್ಚಿಗೆ ಹೊಯ್ದು ಕಂಬಿ ಮಾಡುತ್ತಾರೆ. ಕಂಬಿಯನ್ನು ಉರುಳೆಗಳ ನಡುವೆ ಒತ್ತಿ, ಆಮೇಲೆ ತೂತುಗಳಿರುವ ಉಕ್ಕಿನ ಪಟ್ಟಿಯ ಮೂಲಕ ಎಳೆಯುತ್ತಾರೆ. ದೊಡ್ಡ ತೂತು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು. ನಮ್ಮ ಶಾವಿಗೆ ಮಣೆಯ ಹಾಗೆಯೇ, ಆದರೆ ಇಲ್ಲಿ ಹಿಂದಿನಿಂದ ಒತ್ತುವುದಿಲ್ಲ, ಮುಂದಿನಿಂದ ಜಗ್ಗುತ್ತಾರೆ. ಕೊನೆಗೆ ದಾರದಷ್ಟು ತೆಳ್ಳಗಿನ ತಂತಿ ಬರುತ್ತದೆ.

ಮುಂದಿನ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಪಡಸಾಲೆಯಲ್ಲಿ ಕೂತು ಗೆಜ್ಜೆಯ ಗಂಟೆ ಮಾಡುತ್ತಿದ್ದಳು. ಬೆಳ್ಳಿಯ ತಗಡಿನಿಂದ ಕತ್ತರಿಸಿದ ಪುಟ್ಟ ಬಿಲ್ಲೆಯನ್ನು ಕುಳಿಯಿರುವ ಅಚ್ಚಿನ ಮೇಲಿಟ್ಟು ಒಂದೇಟು ಕೊಟ್ಟರೆ ಅದು ಅರ್ಧ ಬಟ್ಟಲಾಗುತ್ತದೆ. ಅಂಥ ಎರಡು ಬಟ್ಟಲುಗಳ ನಡುವೆ ಒಂದು ಕಾಳು ಇಟ್ಟು ಬಾಯಿ ಕೂಡಿಸಿದರೆ ಗಂಟೆ. ಸೇರುವಲ್ಲಿ ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು ಸಣ್ಣ ಉರಿ ಊದಿದರೆ ಚೂರು ಕರಗಿ ಸಂದಿನಲ್ಲಿ ಹರಿಯುತ್ತದೆ. ‘ಮಾವಶಿ, ದಿನಕ್ಕ ಎಷ್ಟ ಮಾಡ್ತೀರಿ?’ ಎಂದು ಮೊಮ್ಮಗಳು ಕೇಳಿದಳು. ‘ಎಣಸೂದಿಲ್ಲ ಬಾಳಾ, ತೂಗತೇವಿ’ ಎಂದಳು ಆಕೆ ಮರಾಠಿ ಬೆರೆತ ಕನ್ನಡದಲ್ಲಿ. ಮನೆಯ ಅಡುಗೆ, ಮಕ್ಕಳ ಶಾಲೆ ಎಲ್ಲದರ ನಡುವೆ ಸಿಕ್ಕ ಹೊತ್ತಿನಲ್ಲಿ ಈ ಕೆಲಸ. ಯಂತ್ರದಲ್ಲಿ ತಯಾರಾದ ಸರಪಳಿ ಪೇಟೆಗೆ ಬಂದ ಮೇಲೆ ಕೈಕೊಂಡಿಯ ಕೆಲಸ ಕಡಿಮೆಯಾಗಿದೆ ಎಂದಳು. ಗಂಟೆಯ ಕೆಲಸ ಇನ್ನೂ ಇದೆಯಂತೆ.

ಬೆಸುಗೆಯ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು. ಬೆಸುಗೆಯ ಚೂರು ಆಭರಣಕ್ಕಿಂತ ಬೇಗ ಕರಗಬೇಕು, ಇಲ್ಲವಾದರೆ ಆಭರಣವೇ ಕರಗಿಬಿಡುತ್ತದೆ. ಅದಕ್ಕಾಗಿ ಅದರಲ್ಲಿ ಬೆಳ್ಳಿ ಕಡಿಮೆ, ಬೇರೆ ಲೋಹ ಹೆಚ್ಚು. ಹಾಗಾಗಿ ಹೆಚ್ಚು ಬೆಸುಗೆ ಇದ್ದಷ್ಟೂ ಇಡೀ ಒಡವೆಯ ಟಂಚ್ ಇಳಿಯುತ್ತದೆ. ಒಂದು ಬಳೆಗೆ ಒಂದೇ ಬೆಸುಗೆ ಸಾಕು. ಗೆಜ್ಜೆಗೆ, ತೂಗುಗೊಂಬೆಗೆ ಹತ್ತಾರು ಬೇಕು. ಬೆಸುಗೆಯಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಬಳಸುವ ರೂಢಿಯೂ ಇದೆ. ಅದರ ಹೊಗೆ ಕೆಲಸ ಮಾಡುವವರ ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳ ಒಡವೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ ಬೆಸುಗೆ ಹಾಕಿದ್ದನ್ನೇ ಕೇಳುತ್ತೇನೆ. ಕೇಳುವವರು ಹೆಚ್ಚಾದರೆ ಆ ಪಡಸಾಲೆಗಳ ಗಾಳಿಯೂ ಒಳ್ಳೆಯದಾಗುತ್ತದೆ.

ಹೊಳಪು ಕೊಡುವ ಮನೆಯಲ್ಲಿ ನಾವು ಕಂಡದ್ದು ಒಂದು ಚಮತ್ಕಾರವೇ ಸರಿ. ಬೆಸುಗೆ ಮುಗಿದ ಗೆಜ್ಜೆ ಕಪ್ಪಗೆ, ಬೆಂಕಿಯಲ್ಲಿ ಬಿದ್ದ ತಂತಿಯ ಹಾಗಿರುತ್ತದೆ. ಅದನ್ನು ಕಾಯಿಸಿ, ನೀರು ಬೆರೆಸಿದ ಆಮ್ಲದಲ್ಲಿ ಅದ್ದಿ ತೆಗೆದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಆಮೇಲೆ ಅಂಟವಾಳ ಕಾಯಿಯ ನೊರೆಯಲ್ಲಿ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿದರೆ ಥಳಥಳ. ಏನಾಯಿತು ಇಲ್ಲಿ? ಕಾಯಿಸಿದಾಗ ಮೇಲ್ಮೈಯ ತಾಮ್ರ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಪ್ಪಾಯಿತು. ಆಮ್ಲ ಆ ಕಪ್ಪನ್ನು ತಿಂದುಹಾಕಿತು. ಮೇಲೆ ಉಳಿದದ್ದು ಶುದ್ಧ ಬೆಳ್ಳಿಯ ತೆಳು ಪದರ. 92.5 ಟಂಚಿನ ಗೆಜ್ಜೆಗೂ ಅದೇ ಪದರ, 60 ಟಂಚಿನ ಗೆಜ್ಜೆಗೂ ಅದೇ ಪದರ. ಕಣ್ಣಿಗೆ ಎರಡೂ ಒಂದೇ.

ಇದು ಅರ್ಥವಾದ ಮೇಲೆ ನಾವು ಸಗಟು ವ್ಯಾಪಾರಿಯ ಪೇಢಿಗೆ ಹೋದೆವು. ಬಿಳಿ ಗಾದಿ, ಮಧ್ಯದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ, ಗೋಡೆಗೆ ಕಬ್ಬಿಣದ ಕಪಾಟು. ನಮ್ಮ ಅಂಗಡಿಯ ಹಾಗೆ ಒಂದೊಂದೇ ಜೊತೆ ತೋರಿಸುವ ಪದ್ಧತಿ ಇಲ್ಲಿಲ್ಲ. ಗೆಜ್ಜೆಗಳನ್ನು ಸೊಪ್ಪಿನ ಕಟ್ಟಿನಂತೆ ಕಟ್ಟಿರುತ್ತಾರೆ, ತೂಗುಗೊಂಬೆಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಾಳಿನಂತೆ ತುಂಬಿರುತ್ತಾರೆ. ಎಲ್ಲವೂ ತೂಕದ ಲೆಕ್ಕ.

‘ಬರ್ರಿ ಅಕ್ಕಾರ, ಚಾ ತರಸ್ತೀನಿ. ಯಾವ ಮಾಲ್ ತೋರಸ್ಲಿ?’

ಅವರು ಎರಡು ಕಟ್ಟು ಗಾದಿಯ ಮೇಲಿಟ್ಟರು. ಒಂದೇ ವಿನ್ಯಾಸ, ಒಂದೇ ಉದ್ದ, ಅದೇ ಗಂಟೆ. ಒಂದರ ಚೀಟಿಯ ಮೇಲೆ 92.5, ಇನ್ನೊಂದರ ಮೇಲೆ 60 ಎಂದಿತ್ತು. ಮೊಮ್ಮಗಳು ಎರಡನ್ನೂ ಕೈಯಲ್ಲಿ ಹಿಡಿದು, ಅಲುಗಾಡಿಸಿ, ಬೆಳಕಿಗೆ ಹಿಡಿದು ನೋಡಿದಳು.

‘ಅಜ್ಜಿ, ಎರಡೂ ಒಂದ ಥರಾ ಅದಾವಲ್ಲ?’

‘ಹೌದವಾ. ಅದಕ್ಕ ಚೀಟಿ ಹಚ್ಚೀನಿ’ ಎಂದರು ವ್ಯಾಪಾರಿ.

ಅವಳಿಗೆ ಅಲ್ಲೇ ಲೆಕ್ಕ ಮಾಡಲು ಹೇಳಿದೆ. ಬೆಳ್ಳಿಯ ಧಾರಣೆ ದಿನದಿನಕ್ಕೆ ಬದಲಾಗುತ್ತದೆ, ಲೆಕ್ಕ ಸುಲಭವಾಗಲೆಂದು ಶುದ್ಧ ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. 50 ಗ್ರಾಂ ತೂಕದ ಗೆಜ್ಜೆ 92.5 ಟಂಚಿನದಾದರೆ ಅದರಲ್ಲಿ 46.25 ಗ್ರಾಂ ಬೆಳ್ಳಿ, ಬೆಲೆ 4,625 ರೂಪಾಯಿ. ಅದೇ 50 ಗ್ರಾಂ 60 ಟಂಚಿನದಾದರೆ 30 ಗ್ರಾಂ ಬೆಳ್ಳಿ, ಬೆಲೆ 3,000 ರೂಪಾಯಿ. ಮಜೂರಿ ಎರಡಕ್ಕೂ ಬೇರೆ. ಅಂದರೆ ಒಂದೇ ಬಂಡವಾಳದಲ್ಲಿ 60ರ ಮಾಲು ತಂದರೆ ನನ್ನ ಅಂಗಡಿಯ ಗಾಜಿನ ಪೆಟ್ಟಿಗೆ ಒಂದೂವರೆ ಪಟ್ಟು ತುಂಬುತ್ತದೆ. ದೀಪಾವಳಿಯ ಮುಂದೆ ತುಂಬಿದ ಪೆಟ್ಟಿಗೆ ಎಂದರೆ ಸಣ್ಣ ಮಾತಲ್ಲ. ಗಿರಾಕಿಗೆ ಅದು ಬರೀ ‘ಬೆಳ್ಳಿ’ ಎಂದೇ ಕಾಣುತ್ತದೆ.

ನಾನು ಎರಡೂ ಕಟ್ಟುಗಳನ್ನು ನೋಡುತ್ತ ಕೂತದ್ದನ್ನು ಕಂಡು ವ್ಯಾಪಾರಿ ಒಂದು ಮಾತು ಹೇಳಿದರು. ‘ಅಕ್ಕಾರ, ನಮ್ಮ ಪ್ಯಾಟ್ಯಾಗ ಟಂಚ್ ಕೇಳಲಾರದ ಯಾರೂ ತೊಗೊಳ್ಳೂದಿಲ್ಲ, ಹೇಳಲಾರದ ಯಾರೂ ಮಾರೂದಿಲ್ಲ. ಅರವತ್ತರ ಮಾಲಿಗೆ ಅರವತ್ತಂತ ಬರದ ಕೊಡ್ತೀವಿ. ಮುಂದ ಅಂಗಡಿ ಕಟ್ಟಿ ಮ್ಯಾಲ ಆ ನಂಬರ್ ಎಲ್ಲಿ ಹೋಗತೈತಿ, ಅದು ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟಿದ್ದು.’

ಹೋದ ವರ್ಷ ನಮ್ಮ ಅಂಗಡಿಗೆ ಬಂದಿದ್ದ ಒಬ್ಬ ಅಜ್ಜಿಯ ಮುಖ ನನಗೆ ನೆನಪಾಯಿತು. ಬೇರೆ ಊರಿನ ಯಾವುದೋ ಅಂಗಡಿಯಲ್ಲಿ ಕೊಂಡಿದ್ದ ದಪ್ಪ ಕಾಲ್ಗೆಜ್ಜೆ ತಂದಿದ್ದರು. ಮೊಮ್ಮಗನ ಕಾಲೇಜಿನ ಫೀ ತುಂಬಬೇಕಿತ್ತು. ತೂಕ 120 ಗ್ರಾಂ. ಚೀಟಿಯಲ್ಲಿ ‘ಬೆಳ್ಳಿ ಗೆಜ್ಜೆ’ ಎಂದು ಮಾತ್ರ ಇತ್ತು, ಟಂಚ್ ಇರಲಿಲ್ಲ. ಪರೀಕ್ಷೆ ಮಾಡಿಸಿದರೆ 55. ಒಳಗಿದ್ದ ಬೆಳ್ಳಿ 66 ಗ್ರಾಂ. ‘ತೂಕಾ ಮಾಡಿ ತೊಗೊಂಡಿದ್ದೆನವಾ, ತೂಕದಾಗ ಏನ್ ಮೋಸ ಇಲ್ಲಲ್ಲ?’ ಎಂದರು. ತೂಕದಲ್ಲಿ ಮೋಸ ಇರಲಿಲ್ಲ. ಅದೇ ಕಷ್ಟದ ಸಂಗತಿ. ಆ ಅಜ್ಜಿ ಎಷ್ಟೋ ವರ್ಷ 120 ಗ್ರಾಂ ಬೆಳ್ಳಿಯನ್ನು ಆಪತ್ಕಾಲಕ್ಕೆಂದು ಕಾಲಲ್ಲಿ ಇಟ್ಟುಕೊಂಡು ಓಡಾಡಿದ್ದೇನೆಂದು ನಂಬಿದ್ದರು.

ಹಾಗೆಂದು 60 ಟಂಚಿನ ಮಾಲು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ತಾಮ್ರ ಹೆಚ್ಚಿದ್ದರಿಂದ ಅದು ಗಟ್ಟಿ, ಬೆಲೆ ಕಡಿಮೆ. ಮಗಳ ಕಾಲಿಗೆ ಗೆಜ್ಜೆ ಹಾಕಿ ನೋಡಬೇಕೆಂಬ ಆಸೆ ಇರುವ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಮನೆಗೆ ಅದೂ ಬೇಕು. 60 ಎಂದು ಹೇಳಿ, 60ರ ಬೆಲೆಗೆ ಕೊಟ್ಟರೆ ಅದು ನ್ಯಾಯದ ವ್ಯಾಪಾರ. ಸಂಖ್ಯೆಯನ್ನು ನುಂಗಿ ಪೂರ್ತಿ ಬೆಲೆ ಪಡೆದರೆ ಮಾತ್ರ ಅದು ಬೇರೆ.

ನಾನು 92.5ರ ಮಾಲನ್ನೇ ಹೆಚ್ಚು ತೆಗೆದುಕೊಂಡೆ, ಪೆಟ್ಟಿಗೆ ತುಂಬುವುದಿಲ್ಲ ಎಂದು ಗೊತ್ತಿದ್ದೇ. 60ರದ್ದು ಒಂದು ಕಟ್ಟು ಮಾತ್ರ, ಚೀಟಿ ಸಮೇತ.

ತೂಗುಗೊಂಬೆಗಳನ್ನು ಆರಿಸುವ ಕೆಲಸಕ್ಕೆ ಮೊಮ್ಮಗಳನ್ನೇ ಕೂರಿಸಿದೆ. ಏನೇನು ನೋಡಬೇಕೆಂದು ಅವಳಿಗೆ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಗೊಂಬೆಯ ತಲೆಯ ಮೇಲಿನ ಉಂಗುರ ಪೂರ್ತಿ ಬೆಸೆದಿರಬೇಕು, ಬರೀ ಬಗ್ಗಿಸಿ ಬಿಟ್ಟಿದ್ದರೆ ಕಳಚಿ ಬೀಳುತ್ತದೆ. ಬೆರಳು ಆಡಿಸಿದರೆ ಅಂಚು ಚುಚ್ಚಬಾರದು. ಕೂಸಿನ ಒಡವೆಯಾದರೆ ಗಂಟೆಯನ್ನು ಜಗ್ಗಿ ನೋಡಬೇಕು. ಕಿತ್ತು ಬಂದ ಗಂಟೆ ಮೊದಲು ಹೋಗುವುದು ಕೂಸಿನ ಬಾಯಿಗೆ. ಮೀನಾ ಬಣ್ಣ ಅಥವಾ ಗಾಜಿನ ಹರಳು ಇದ್ದರೆ ಅದರ ತೂಕ ಕಳೆಯಬೇಕು, ಬೆಳ್ಳಿಯ ಬೆಲೆಗೆ ಗಾಜು ಕೊಳ್ಳಬಾರದಲ್ಲ! ಒಂದು ಮಧ್ಯಾಹ್ನ ಕೂತು ಅವಳು ಉಂಗುರ ಬಾಯಿಬಿಟ್ಟ ಗೊಂಬೆಗಳನ್ನೆಲ್ಲ ಬೇರೆ ಗುಡ್ಡೆ ಹಾಕಿದಳು. ವ್ಯಾಪಾರಿ ಬೇಸರವಿಲ್ಲದೆ ಅವನ್ನು ಬದಲಾಯಿಸಿ ಕೊಟ್ಟರು.

ಸಣ್ಣ ಗೊಂಬೆಗೆ ಮಜೂರಿ ಏಕೆ ಹೆಚ್ಚು ಎಂದು ಅವಳಿಗೆ ಅನುಮಾನ. 2 ಗ್ರಾಂ ಮೀನಿಗೂ ಅಚ್ಚು ಹಾಕಬೇಕು, ಬೆಸೆಯಬೇಕು, ಉಜ್ಜಬೇಕು. 50 ಗ್ರಾಂ ಗೆಜ್ಜೆಯ ಎಷ್ಟೋ ಕೆಲಸ ಅದರಲ್ಲೂ ಇದೆ. ಹಾಗಾಗಿ ಗ್ರಾಂ ಲೆಕ್ಕದಲ್ಲಿ ಪುಟ್ಟ ಒಡವೆ ಯಾವಾಗಲೂ ದುಬಾರಿ. ನಾಳೆ ಕರಗಿಸಿದರೆ ಬೆಳ್ಳಿಯ ಬೆಲೆ ಸಿಗುತ್ತದೆ, ಮಜೂರಿ ಸಿಗುವುದಿಲ್ಲ. ಚಾರ್ಮನ್ನು ಉಳಿತಾಯವೆಂದು ಕೊಳ್ಳಬಾರದು, ಇಷ್ಟಪಟ್ಟು ಹಾಕಿಕೊಳ್ಳಲು ಕೊಳ್ಳಬೇಕು. ಆ ಮಜೂರಿ ಹೋಗುವುದು ಪಡಸಾಲೆಯಲ್ಲಿ ಕೂತ ಆ ಹೆಣ್ಣುಮಗಳಂಥವರ ಕೈಗೆ ಎಂದಾಗ ಅವಳು ಅರ್ಥವಾದಂತೆ ತಲೆಯಾಡಿಸಿದಳು.

ಕೊನೆಗೆ ಟಂಚ್ ನೋಡುವ ಅಂಗಡಿಗೆ ಹೋದೆವು. ಕಟ್ಟಿನಿಂದ ನಾವೇ ಒಂದು ಗೆಜ್ಜೆ ಆರಿಸಿಕೊಟ್ಟೆವು. ಯಂತ್ರದೊಳಗೆ ಇಟ್ಟರೆ ಕ್ಷ-ಕಿರಣದಿಂದ ಲೋಹಗಳ ಪ್ರಮಾಣ ಪರದೆಯ ಮೇಲೆ ಬರುತ್ತದೆ. ಆದರೆ ಈ ಕಿರಣ ಓದುವುದು ಮೇಲ್ಪದರವನ್ನು ಮಾತ್ರ. ಆಮ್ಲ ತೊಳೆದು ಬಿಟ್ಟ ಬೆಳ್ಳಿಯ ಪದರ ಅದನ್ನೂ ಏಮಾರಿಸಬಲ್ಲದು. ಆದ್ದರಿಂದ ಒಂದು ತುಂಡು ಕತ್ತರಿಸಿ, ಕರಗಿಸಿ, ಆಮೇಲೆ ನೋಡುವುದು ಸರಿಯಾದ ದಾರಿ. ಒಂದು ಗೆಜ್ಜೆ ಹಾಳಾದರೂ ಚಿಂತೆಯಿಲ್ಲ. ಚೀಟಿಯ ಸಂಖ್ಯೆಯೂ ಪರದೆಯ ಸಂಖ್ಯೆಯೂ ಹೊಂದಿಕೊಂಡವು. ಟಂಚ್, ತೂಕ, ಮಜೂರಿ, ಶೇಕಡಾ 3 ಜಿಎಸ್‌ಟಿ ಎಲ್ಲ ಬರೆದ ಬಿಲ್ಲು ಇಸಿದುಕೊಂಡು ಚೀಲದೊಳಗೆ ಮೇಲೆಯೇ ಇಟ್ಟುಕೊಂಡೆ. ದಾರಿಯಲ್ಲಿ ತಪಾಸಣೆ ನಡೆದರೆ ಬೆಳ್ಳಿಗಿಂತ ಮೊದಲು ತೋರಿಸಬೇಕಾದದ್ದು ಬಿಲ್ಲನ್ನು.

ವಾಪಸು ಬರುವ ಬಸ್ಸಿನಲ್ಲಿ ಮೊಮ್ಮಗಳಿಗೆ ಒಂದು ಹಳೆಯ ಕಥೆ ಹೇಳಿದೆ, ನಿಜವಾದ ಕಥೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಎರಡನೆಯ ಮಹಾಯುದ್ಧ ಬಂತು. 1940ರಲ್ಲಿ ಸರ್ಕಾರ ಅದನ್ನು 50ಕ್ಕೆ ಇಳಿಸಿತು. ತೂಕ ಅದೇ, ರೂಪಾಯಿಯ ಹೆಸರೂ ಅದೇ. ಯುದ್ಧ ಮುಗಿದ ಮೇಲೆ 1947ರ ಹೊತ್ತಿಗೆ ಬೆಳ್ಳಿಯೇ ಹೋಗಿ ನಿಕ್ಕಲ್ ಬಂತು. ಆ ಕಾಲದಲ್ಲಿ ಗೆಜ್ಜೆ ಮಾಡಿಸಲೆಂದು ರೂಪಾಯಿ ಕರಗಿಸುತ್ತಿದ್ದ ಹಿರಿಯರು ನಾಣ್ಯದ ಮೇಲಿನ ಇಸವಿ ಓದಬೇಕಾಯಿತು. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ರೂಪಾಯಿ ಇದ್ದರೆ ನೀವೂ ಇಸವಿ ಓದಿ ನೋಡಿ. ಇಸವಿಯೇ ಅದರ ಟಂಚ್.

ಈಗ ಇಸವಿಯ ಬದಲು ಹಾಲ್‌ಮಾರ್ಕ್ ಇದೆ. ಭಾರತೀಯ ಮಾನಕ ಬ್ಯೂರೋ ಬೆಳ್ಳಿಗೆ 800, 835, 925, 958, 970, 990, 999 ಎಂಬ ದರ್ಜೆಗಳನ್ನು ಇಟ್ಟಿದೆ. 2025ರ ಸೆಪ್ಟೆಂಬರ್ 1ರಿಂದ ಬಂಗಾರದ ಹಾಗೆ ಬೆಳ್ಳಿ ಒಡವೆಗೂ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಕೊಡುವ ಪದ್ಧತಿ ಬಂದಿದೆ. ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಬೆಳ್ಳಿಗೆ ಇದನ್ನು ಕಡ್ಡಾಯ ಮಾಡದೆ ಐಚ್ಛಿಕವಾಗಿ ಆರಂಭಿಸಿದರು. ದರ್ಜೆಗಳಲ್ಲಿ ಅತಿ ಕೆಳಗಿನದು 800 ಎಂಬುದನ್ನು ಗಮನಿಸಿ. 60 ಟಂಚಿನ ಮಾಲಿಗೆ ಹಾಲ್‌ಮಾರ್ಕ್ ಸಿಗುವುದಿಲ್ಲ. ಅದಕ್ಕೆ ಅಂಗಡಿಯವರ ಬಾಯಿಮಾತು ಮತ್ತು ಬಿಲ್ಲು, ಇವೆರಡೇ ಆಧಾರ.

ಬೆಳ್ಳಿ ಕಪ್ಪಾದರೆ ನಕಲಿ ಎಂದುಕೊಂಡು ಗಾಬರಿಯಾಗಿ ಬರುವವರೂ ಇದ್ದಾರೆ. ಶುದ್ಧ ಬೆಳ್ಳಿಯೂ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆಗುವ ಪದರ ಅದು. ಹಾಕಿಕೊಳ್ಳದ ಒಡವೆಯನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರಲು ಒಂದು ತುಂಡು ಬಳಪದ ಜೊತೆ ಇಟ್ಟರೆ ನಿಧಾನವಾಗಿ ಕಪ್ಪಾಗುತ್ತದೆ. ಹೊಳಪು ಹೇಗೆ ಒಳಗಿನ ಬೆಳ್ಳಿಗೆ ಸಾಕ್ಷಿಯಲ್ಲವೋ ಕಪ್ಪೂ ಹಾಗೆಯೇ ಸಾಕ್ಷಿಯಲ್ಲ.

ದೀಪಾವಳಿಗೆ ನಮ್ಮ ಗಾಜಿನ ಪೆಟ್ಟಿಗೆಯ ಕೆಳಗಿನ ಸಾಲು ಅರ್ಧ ಖಾಲಿಯೇ ಇತ್ತು. ಮೊಮ್ಮಗಳು ರಟ್ಟು ಕತ್ತರಿಸಿ ಪ್ರತಿ ತಟ್ಟೆಯ ಮುಂದೆ ದೊಡ್ಡ ಅಕ್ಷರದಲ್ಲಿ ಟಂಚ್ ಬರೆದು ನಿಲ್ಲಿಸಿದಳು: ಇಲ್ಲಿ 92.5, ಅಲ್ಲಿ 60. ಮೊದಲ ದಿನ ಬಂದ ಹಲವರು ‘ಏನ್ರಿ ಇದು ನಂಬರು?’ ಎಂದು ಕೇಳಿದರು. ಅವಳು ಪ್ರತಿಯೊಬ್ಬರಿಗೂ ಸ್ಲೇಟಿನ ಮೇಲೆ ಲೆಕ್ಕ ಮಾಡಿ ತೋರಿಸಿದಳು. ಕೆಲವರು ಕೇಳಿ, ಪಕ್ಕದ ಓಣಿಯಲ್ಲಿ ಕಡಿಮೆ ಬೆಲೆಗೆ ಇದೆ ಎಂದು ಎದ್ದುಹೋದರು. ಹಾಗೆ ಹೋದ ಒಬ್ಬ ಅಜ್ಜ ಸಂಜೆ ತಿರುಗಿ ಬಂದರು. ‘ಅಲ್ಲೆ ನಂಬರ್ ಕೇಳಿದ್ನೆವಾ, ಹೇಳಲಿಲ್ಲ’ ಎಂದು ಕೂತು, ಮೊಮ್ಮಗಳಿಗೆಂದು 60ರ ತಟ್ಟೆಯಿಂದಲೇ ಒಂದು ಜೊತೆ ಗೆಜ್ಜೆ ಆರಿಸಿದರು. ಬಿಲ್ಲಿನಲ್ಲಿ 60 ಎಂದು ಬರೆಸಿಕೊಂಡು, ಅದನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಇಟ್ಟುಕೊಂಡರು.